ರಸ್ತೆಗೆ ಬೆನ್ನು ಕೊಟ್ಟ ಚರ್ಚು

ನಮ್ಮೂರಿನ ಚರ್ಚು ರಸ್ತೆಗೆ ಬೆನ್ನು ಕೊಟ್ಟು ನಿಂತಿದೆ. ಬೊಮ್ಮಸಂದ್ರದ ಫ್ಯಾಕ್ಟರಿ ಬಸ್ಸುಗಳು ತಿರುಗುವ ಮೂಲೆಯಲ್ಲಿ ಮೊದಲು ಕಾಣುವುದು ಅದರ ಹಿಂದಿನ ಗೋಡೆ. ಸುಣ್ಣ ಬಳಿದ ಬೋಳು ಗೋಡೆ, ನೆತ್ತಿಯ ಮೇಲೊಂದು ಶಿಲುಬೆ, ಎದೆಮಟ್ಟದಲ್ಲಿ ಎರಡು ಇಟ್ಟಿಗೆ ಅಗಲದ ಒಂದು ಗೂಡು, ಗೂಡಿನ ಸುತ್ತ ವರ್ಷಗಟ್ಟಲೆ ಎಣ್ಣೆಯ ಕಪ್ಪು. ಬಾಗಿಲಿರುವುದು ಆಚೆ ಬದಿಗೆ, ಪಶ್ಚಿಮಕ್ಕೆ, ನಮ್ಮ ಮನೆಯ ಕಡೆಗೆ. ಹೊಸಬರು ಯಾರಾದರೂ ಪ್ರಾರ್ಥನೆಗೆಂದು ಬಂದರೆ ಗೋಡೆಯ ಮುಂದೆ ಅತ್ತಿತ್ತ ಎರಡು ಸಲ ಓಡಾಡಿ, ಕೊನೆಗೆ ನಮ್ಮ ಜಗಲಿಯಲ್ಲಿ ಕೂತ ಅಜ್ಜಿಯನ್ನು ದಾರಿ ಕೇಳುತ್ತಾರೆ. ಮೊಬೈಲಿನ ಮ್ಯಾಪು ಅಷ್ಟುಹೊತ್ತಿಗೆ ಅವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಲುಪಿದ್ದೀರಿ ಎಂದು ಹೇಳಿ ಕೈತೊಳೆದುಕೊಂಡಿರುತ್ತದೆ.

ಯಾಕೆ ಹೀಗೆ ಬೆನ್ನು ತಿರುಗಿಸಿ ನಿಂತಿದೆ ಎಂದು ಚಿಕ್ಕಂದಿನಲ್ಲಿ ಕಂಡಕಂಡವರನ್ನೆಲ್ಲ ಕೇಳಿದ್ದೇನೆ. ಅವರ ಉತ್ತರಗಳು ನನಗೆ ನೆನಪಿರುವುದು ಅವರವರ ದನಿಯಲ್ಲೇ. ಅದೊಂದು ಕಾಯಿಲೆ, ಹುಟ್ಟಿದಾಗಿನಿಂದ ಇದೆ. ಅಪ್ಪ, ಬಾಡಿಗೆದಾರರ ಜೊತೆ ಮಾತಾಡುವ ಗತ್ತಿನಲ್ಲೇ, "ಆಗ ರಸ್ತೆ ಆ ಕಡೆ ಇತ್ತು ಕಣೋ" ಎಂದಿದ್ದರು. ರಸ್ತೆ ಯಾವ ಕಾಲಕ್ಕೂ ಆ ಕಡೆ ಇರಲಿಲ್ಲ. ಕ್ಷೌರದಂಗಡಿಯವನು ಬಾಯಿಯಲ್ಲಿ ಬಾಚಣಿಗೆ ಕಚ್ಚಿಕೊಂಡೇ, "ಅವ್ರಿಗೆ ನಿಮ್ಮನೆ ಮೇಲೇ ಪ್ರೀತಿ, ನಮ್ಮೇಲೆ ಸಿಟ್ಟು" ಎಂದ. ಫ್ಯಾಕ್ಟರಿ ಬಸ್ಸಿನ ಡ್ರೈವರಣ್ಣ ಗೇರು ಬದಲಿಸುತ್ತ, "ವಾಸ್ತು ಮಗಾ, ವಾಸ್ತು" ಎಂದು ಮುಗಿಸಿಬಿಟ್ಟ. ಅಜ್ಜಿಯನ್ನು ಕೇಳಿದಾಗ ಅವಳು ಮೊರದಲ್ಲಿ ಕೇರುವುದನ್ನೂ ನಿಲ್ಲಿಸಲಿಲ್ಲ.

"ನೀನು ಯಾವಾಗ್ಲೂ ಬೆನ್ನು ತಿರುಗ್ಸಿ ಮಲಗ್ತೀಯಲ್ಲ, ನಾನು ಕೇಳಿದ್ನಾ ಯಾಕೆ ಅಂತ?"

ಈಗ ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸ ಹೋದೆವು ಅನ್ನಬಾರದು. ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ನನಗೆ ಕೆಲಸ. ಮಾತ್ರೆ ಪಟ್ಟಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ, ಯಾವ ಗುಂಡಿಯಲ್ಲಿ ಮಾತ್ರೆ ಇಲ್ಲವೋ ಆ ಪಟ್ಟಿಯನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಎಂಟು ಗಂಟೆ ಖಾಲಿ ಗುಂಡಿ ಹುಡುಕುವುದು. ಉಳಿದ ಹೊತ್ತು ಮಿಮಿಕ್ರಿ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ಮಧ್ಯೆ ಗಾಯಕರು ನೀರು ಕುಡಿಯುವಾಗ ನನ್ನನ್ನು ಬಿಡುತ್ತಾರೆ. ಬಸ್ ಕಂಡಕ್ಟರು, ಅಪಾರ್ಟ್‌ಮೆಂಟಿನ ವಾಚ್‌ಮನ್ನು, ಬಾಡಿಗೆ ಕೇಳುವ ಅಪ್ಪ, ಕೊನೆಗೆ ಕುಕ್ಕರು. ಜನ ಕುಕ್ಕರಿಗೇ ಹೆಚ್ಚು ಚಪ್ಪಾಳೆ ಹೊಡೆಯುತ್ತಾರೆ. ನನ್ನ ಸ್ವಂತ ದನಿಯನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿದೆ. ನೆಗಡಿಯಾದ ಮೇಕೆ. ಅಂದಿನಿಂದ ಆದಷ್ಟು ಬೇರೆಯವರ ದನಿಯಲ್ಲೇ ಕಾಲ ಹಾಕುತ್ತಿದ್ದೇನೆ.

ಚರ್ಚಿನ ಒಳಗೆ ನಾನು ಮೊದಲ ಸಲ ಹೋದದ್ದೂ ಈ ಮಿಮಿಕ್ರಿಯ ಕಾಯಿಲೆಯಿಂದಲೇ. ಚರ್ಚು ಆರ್ಥೊಡಾಕ್ಸ್ ಪಂಥದ ಮಲಯಾಳಿಗಳದು. ಇಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ತೆರೆದಾಗ ಕೆಲಸಕ್ಕೆ ಬಂದವರು ಕಟ್ಟಿಕೊಂಡದ್ದು. ಅವರ ಗುರುಗಳನ್ನು ಅವರು ಅಚ್ಚನ್ ಅನ್ನುತ್ತಾರೆ. ಉದ್ದ ಗಡ್ಡ, ಕಪ್ಪು ಟೋಪಿ, ಬಿಳಿ ನಿಲುವಂಗಿ, ಹಳೇ ಸ್ಕೂಟರು. ಪ್ರತಿ ವಾಕ್ಯದ ಕೊನೆಗೆ ದನಿಯನ್ನು ಏಣಿ ಹತ್ತಿಸಿ ಅಲ್ಲೇ ಬಿಟ್ಟುಬಿಡುತ್ತಾರೆ. ಒಂದು ವರ್ಷ ಗಣೇಶನ ಪೆಂಡಾಲಿನಲ್ಲಿ ನಾನು ಅವರ ದನಿಯಲ್ಲಿ ಟ್ರಾಫಿಕ್ ಪೊಲೀಸರಿಗೆ ಆಶೀರ್ವಾದ ಮಾಡಿದೆ. ವೀಡಿಯೊ ನನಗಿಂತ ಮೊದಲು ಚರ್ಚು ತಲುಪಿತ್ತು. ಮಾರನೇ ದಿನವೇ ಕರೆ ಬಂತು.

ಬೈಸಿಕೊಳ್ಳಲು ಸಿದ್ಧನಾಗಿ, ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ ಹೋದೆ. ಅಚ್ಚನ್ ಟೀ ತರಿಸಿದರು.

"ನನ್ನ ಧ್ವನಿ ಮಾಡ್ತೀಯಂತೆ? ಮಾಡು, ಕೇಳೋಣ."

ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ಗಡ್ಡ ನೀವಿಕೊಂಡರು. "ಧ್ವನಿ ಸರಿ ಇದೆ. ಆದ್ರೆ ಆಶೀರ್ವಾದ ಇಷ್ಟು ಬೇಗ ಮುಗಿಸಬಾರ್ದು. ಪೊಲೀಸರಿಗೆ ಸ್ವಲ್ಪ ಜಾಸ್ತಿ ಬೇಕಾಗ್ತದೆ."

ಆ ಧೈರ್ಯದ ಮೇಲೆ ನನ್ನ ಹಳೇ ಪ್ರಶ್ನೆ ಕೇಳಿಬಿಟ್ಟೆ. ಯಾಕೆ ಫಾದರ್ ರಸ್ತೆಗೆ ಬೆನ್ನು?

ಉತ್ತರ ಒಂದೇ ನಿಮಿಷದಲ್ಲಿ ಸಿಕ್ಕಿತು. ಅವರಲ್ಲಿ ಪೂರ್ವಕ್ಕೆ ಮುಖ ಮಾಡಿಯೇ ಪ್ರಾರ್ಥನೆ. ಆದ್ದರಿಂದ ಬಲಿಪೀಠ ಪೂರ್ವದ ಗೋಡೆಯ ಕಡೆಗೆ, ಬಾಗಿಲು ಪಶ್ಚಿಮಕ್ಕೆ. ಊರಿನ ರಸ್ತೆ ಪೂರ್ವದಲ್ಲಿದ್ದರೆ ಅದು ರಸ್ತೆಯ ಹಣೆಬರಹ. ಅಷ್ಟೇ. ಕ್ಷೌರದಂಗಡಿಯ ಸಿಟ್ಟೂ ಇಲ್ಲ, ಡ್ರೈವರಣ್ಣನ ವಾಸ್ತುವೂ ಇಲ್ಲ; ಅಥವಾ ಒಂದು ಲೆಕ್ಕದಲ್ಲಿ ವಾಸ್ತುವೇ. ಇಷ್ಟು ಸುಲಭದ ಉತ್ತರವನ್ನು ಹದಿನೈದು ವರ್ಷ ಯಾರೂ ಬಾಗಿಲಿನಿಂದ ಒಳಗೆ ಬಂದು ಕೇಳಿರಲಿಲ್ಲ.

ಆಮೇಲೆ ಆಗಾಗ ಭಾನುವಾರ ಹೋಗಿ ಕೊನೆಯಲ್ಲಿ ನಿಲ್ಲತೊಡಗಿದೆ. ಭಕ್ತಿಯಿಂದ ಎಂದು ಹೇಳಿದರೆ ಅಜ್ಜಿ ನಗುತ್ತಾಳೆ. ರಾಗ ಕದಿಯಲು ಹೋಗುತ್ತಿದ್ದೆ. ಗಂಡಸರು ಒಂದು ಬದಿ, ತಲೆ ಮುಚ್ಚಿದ ಹೆಂಗಸರು ಇನ್ನೊಂದು ಬದಿ, ಎಲ್ಲರೂ ಬರಿಗಾಲಲ್ಲಿ. ಬಲಿಪೀಠದ ಮುಂದೆ ಒಂದು ದೊಡ್ಡ ತೆರೆ, ಎಳೆದರೆ ಮರೆ, ಸರಿಸಿದರೆ ದರ್ಶನ. ಗೆಜ್ಜೆ ಕಟ್ಟಿದ ಧೂಪದ ಬಟ್ಟಲನ್ನು ಸರಪಳಿ ಹಿಡಿದು ಬೀಸಿದಾಗ ಝಲ್ ಝಲ್ ಎಂದು ಸದ್ದು, ಅದರ ಹಿಂದೆ ಬಿಳಿ ಹೊಗೆ.

ಅಲ್ಲಿ ಎರಡನೇ ಪ್ರಶ್ನೆ ಹುಟ್ಟಿತು. ಧೂಪ ಹಾಕುವ ಹೊತ್ತಿಗೆ ಸರಿಯಾಗಿ ಚರ್ಚಿನ ಕಾರ್ಯದರ್ಶಿ ಅಂಕಲ್ ಎದ್ದು ಹೋಗಿ ಪಶ್ಚಿಮದ ದೊಡ್ಡ ಬಾಗಿಲನ್ನು ಮುಚ್ಚಿಬಿಡುತ್ತಾರೆ. ಒಳಗೆ ಹೊಗೆ ತುಂಬುತ್ತದೆ. ಮಕ್ಕಳು ಕೆಮ್ಮುತ್ತವೆ, ಅಜ್ಜಂದಿರು ಕೆಮ್ಮುತ್ತಾರೆ, ವೈಟ್‌ಫೀಲ್ಡಿನಿಂದ ಬಂದ ಸಾಫ್ಟ್‌ವೇರಿನವರು ಕರವಸ್ತ್ರ ಹುಡುಕುತ್ತಾರೆ. ಬಟ್ಟಲು ಮೂಲೆಗೆ ಹೋದ ಮೇಲೆಯೇ ಬಾಗಿಲು ತೆರೆಯುವುದು.

ಅಂಕಲ್ ಒಂದು ಕಾಲಕ್ಕೆ ನಮ್ಮ ಬಾಡಿಗೆದಾರರು, ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಅಳತೆ ಟೇಪು ಇರುತ್ತದೆ. ಬಾಗಿಲು ಯಾಕೆ ಮುಚ್ಚುತ್ತೀರಿ ಎಂದು ಅವರನ್ನೇ ಕೇಳಿದೆ.

"ಸಂಪ್ರದಾಯ," ಎಂದರು, ಎದೆ ಸ್ವಲ್ಪ ಮುಂದೆ ಬಂತು. "ಸಾವಿರಾರು ವರ್ಷದ್ದು. ಸಿರಿಯಾ ದೇಶದಿಂದ ಬಂದದ್ದು. ನಿನಗೆ ಅರ್ಥ ಆಗಲ್ಲ."

"ನಿಮಗೆ ಆಗಿದ್ಯಾ ಅಂಕಲ್?"

"ಮೂವತ್ತು ವರ್ಷದಿಂದ ಮುಚ್ಚುತ್ತಾ ಇದ್ದೀನಿ ಕಣೋ!"

ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಚ್ಚನ್‌ರನ್ನು ಕೇಳಿದೆ. ಬೇರೆ ಚರ್ಚುಗಳಲ್ಲಿ ಹೀಗೆ ಕಂಡಿಲ್ಲ, ನಾನು ಇಲ್ಲಿಗೆ ಬಂದಾಗಲೇ ಇತ್ತು, ಊರಿನ ಪದ್ಧತಿ ಇರಬೇಕು ಎಂದುಕೊಂಡು ಸುಮ್ಮನಿದ್ದೆ ಎಂದರು. ಊರಿನವನು ನಾನು. ಚರ್ಚಿನ ಪದ್ಧತಿ ಎಂದುಕೊಂಡು ಸುಮ್ಮನಿದ್ದವನೂ ನಾನೇ.

ಇನ್ನು ಆ ಹಿಂಗೋಡೆಯ ಗೂಡು. ಅದು ಅಜ್ಜಿಯದು. ನನಗೆ ಬುದ್ಧಿ ಬಂದಾಗಿನಿಂದ (ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ, ಇನ್ನೂ ಬಂದಿಲ್ಲ ಅನ್ನುತ್ತಾರೆ) ಪ್ರತಿ ಶುಕ್ರವಾರ ಬೆಳಿಗ್ಗೆ ಅಜ್ಜಿ ತಲೆ ಸ್ನಾನ ಮಾಡಿ, ಮಣ್ಣಿನ ಹಣತೆ, ಎಣ್ಣೆ ಶೀಶೆ, ಎರಡು ಹೂವು ಹಿಡಿದು ಹೋಗಿ ಅಲ್ಲಿ ದೀಪ ಹಚ್ಚಿ ಬರುತ್ತಾಳೆ. ಮಂತ್ರವಿಲ್ಲ, ಹರಕೆಯಿಲ್ಲ. ಹಚ್ಚುತ್ತಾಳೆ, ಸೆರಗಿನಿಂದ ಗಾಳಿ ತಡೆದು ಉರಿ ನಿಂತಿತೇ ನೋಡುತ್ತಾಳೆ, ಬರುತ್ತಾಳೆ. ದಾರಿಯಲ್ಲಿ ಹೋಗುವ ಬೈಕಿನವರು ಒಂದು ಕೈ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾರೆ. ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಯಾರಾದರೇನು, ಕಾಯ್ದರೆ ಸಾಕು. ಆದರೆ ಚರ್ಚಿನ ಒಳಗೆ ಅಜ್ಜಿ ಕಾಲಿಟ್ಟದ್ದನ್ನು ನಾನು ಕಂಡಿಲ್ಲ.

ಆ ಗೂಡಿನಲ್ಲೊಂದು ವಿಚಿತ್ರವಿತ್ತು. ಮೊದಲೆಲ್ಲ ಅದು ಅಜ್ಜಿಯ ತಲೆಗಿಂತ ಮೇಲಿತ್ತಂತೆ. ತಾತ ಒಂದು ಕಲ್ಲು ಚಪ್ಪಡಿ ತಂದು ಹಾಕಿದ್ದನಂತೆ, ಅಜ್ಜಿ ಅದರ ಮೇಲೆ ನಿಂತು ಹಚ್ಚುತ್ತಿದ್ದಳಂತೆ. ಈಗ ಚಪ್ಪಡಿಯೂ ಇಲ್ಲ, ಹತ್ತುವುದೂ ಇಲ್ಲ, ಗೂಡು ನೇರ ಅವಳ ಎದೆಗೆ. ಗೂಡು ಇಳಿಯಲಿಲ್ಲ, ರಸ್ತೆ ಏರಿತು. ಪ್ರತಿ ಚುನಾವಣೆಗೆ ಮೊದಲು ಒಂದು ಪದರ ಡಾಂಬರು, ಪೈಪಿಗೆ ಅಗೆದ ಮೇಲೆ ಒಂದು ಪದರ ಮಣ್ಣು, ಮತ್ತೆ ಡಾಂಬರು. ಚಪ್ಪಡಿ ಅದರಡಿಯಲ್ಲಿ ಎಲ್ಲೋ ಇದೆ. ಅಜ್ಜಿಗೆ ವಯಸ್ಸಾದಂತೆ ಮಹಾನಗರವೇ ಅವಳನ್ನು ಎತ್ತಿ ಹಿಡಿದಿದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಚರ್ಚಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ರಸ್ತೆ ಮೇಲಾಗಿ ಚರ್ಚು ಹಳ್ಳಕ್ಕೆ ಬಿತ್ತು, ಮಳೆ ಬಂದಾಗಲೆಲ್ಲ ರಸ್ತೆಯ ನೀರು ಗೋಡೆಗೆ ಬಂದು ಬಡಿಯುತ್ತಿತ್ತು.

ಹೋದ ವರ್ಷ ಒಂದು ಶುಕ್ರವಾರ ದೀಪ ಹಚ್ಚಲು ಹೋದ ಅಜ್ಜಿ, ಐದು ನಿಮಿಷಕ್ಕೆ ಬರುವವಳು, ಅರ್ಧ ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದೆ. ದೀಪ ಉರಿಯುತ್ತಿತ್ತು. ಅಜ್ಜಿ ನೆಲ ನೋಡುತ್ತ ನಿಂತಿದ್ದಳು. ಗೋಡೆಗೂ ರಸ್ತೆಗೂ ನಡುವೆ, ಉದ್ದಕ್ಕೂ, ಸುಣ್ಣದ ಪುಡಿಯ ಬಿಳಿ ಗೆರೆ.

"ಯಾವನ್ಲಾ ಈ ಗೆರೆ ಆಕಿದ್ದು?"

ವಿಚಾರಿಸಿದೆ. ಅಂಕಲ್ ಹಾಕಿಸಿದ್ದರು. ಚರ್ಚಿನ ಸುತ್ತ ಎಂಟು ಅಡಿ ಕಾಂಪೌಂಡ್ ಗೋಡೆ ಬರಲಿದೆ, ನೀರು ತಡೆಯಲಿಕ್ಕೆ. ಗೂಡು ಗೋಡೆಯ ಒಳಗೆ ಹೋಗುತ್ತದೆ. ಹೊಸ ಗೋಡೆಗೂ ಹಳೇ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟು ಸಂದಿ. ಅಜ್ಜಿ ಆ ಕಡೆಯ ಗೇಟಿನಿಂದ ಸುತ್ತಿ ಬಂದು, ಮೆಟ್ಟಿಲಿಳಿದು, ಆ ಸಂದಿಯೊಳಗೆ ನುಗ್ಗಬೇಕು. ಒಳಗಿನ ನೆಲ ತಗ್ಗು, ಗೂಡು ಮತ್ತೆ ತಲೆಯ ಮೇಲೆ. ಎಂಬತ್ತು ದಾಟಿದವಳು, ಬಲ ಮಂಡಿ ಮಡಚುವುದೇ ಇಲ್ಲ.

ಮನೆಗೆ ಬಂದು ಅಜ್ಜಿ ಊಟ ಮಾಡಿದಳು, ಎಲೆ ಅಡಿಕೆ ಹಾಕಿಕೊಂಡಳು. ಸಂಜೆ ಜಗಲಿಯಲ್ಲಿ ಮೆತ್ತಗೆ, "ದೀಪ ಎಲ್ಲಿಕ್ಕನ ಆಗಾದ್ರೆ?" ಎಂದಳು. ಮನೆಯಲ್ಲೇ ಹಚ್ಚು ಎಂದು ಅಪ್ಪ ಹೇಳಿದರು. ಅಜ್ಜಿ ಅಪ್ಪನನ್ನು ನೋಡಿದ ರೀತಿಯನ್ನು ನಾನು ಇನ್ನೂ ನಕಲು ಮಾಡಲು ಕಲಿತಿಲ್ಲ.

"ನಾನ್ ಮಾತಾಡ್ತೀನಿ ಬಿಡಜ್ಜಿ," ಎಂದೆ.

"ನೀನಾ? ಕುಕ್ಕರ್ ಕೂಗ್ಸಿ ಬರ್ತೀಯ."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸಮಿತಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಚ್ಚನ್ ನನಗೂ ಒಂದು ಕುರ್ಚಿ ಹಾಕಿಸಿದರು. ಅಂಕಲ್ ನೇರವಾಗಿ ಹೇಳಿದರು. "ನಿಮ್ಮಜ್ಜಿ ಬಗ್ಗೆ ನಮಗೇನೂ ಇಲ್ಲ. ನಾನು ಅವರ ಕೈ ರಾಗಿಮುದ್ದೆ ತಿಂದವನು. ಆದ್ರೆ ಇವತ್ತು ದೀಪ, ನಾಳೆ ಗಂಟೆ, ನಾಡಿದ್ದು ಇದು ಯಾರ ಗೋಡೆ ಅಂತ ಜಗಳ. ನಾನೂ ನಿಮ್ಮಜ್ಜಿನೂ ಸತ್ತ ಮೇಲೆ ಬರೋರು ನಮ್ಮಷ್ಟು ಒಳ್ಳೆಯವರಾಗಿ ಇರಲ್ಲ ಕಣೋ."

ಅವರ ಭಯ ಸುಳ್ಳಾಗಿರಲಿಲ್ಲ. ಆಗ ನಾನು ಮಾಡಿದ್ದು ನನ್ನ ಜಾತಿಯ ಮಿಮಿಕ್ರಿಯವರು ಮಾತ್ರ ಮಾಡುವ ತಪ್ಪು. ಕೈಯಲ್ಲಿ ಸತ್ಯವಿಲ್ಲದಿದ್ದಾಗ ದನಿ ಬದಲಿಸಿದೆ. ತೀರಿಹೋದ ತಾತನ ದನಿ, ಗೂರಲು ಕೆಮ್ಮು ಸಮೇತ. "ಒಂದಿನ ಬೆಳಗಿನ ಜಾವ ಇವಳ ಕನಸಲ್ಲಿ ಬಿಳೀ ಗಡ್ಡದೋರು ಬಂದ್ರು, ನನ್ನ ಬೆನ್ನಿಂದೆ ಒಂದು ದೀಪ ಇಡವ್ವ ಅಂದ್ರು, ಎದ್ದು ನೋಡಿದ್ರೆ ಗೋಡೇಲಿ ತಾನಾಗೇ ಗೂಡು..."

ಚೆನ್ನಾಗಿ ಬಂತು. ಒಬ್ಬ ಆಂಟಿ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಅಚ್ಚನ್ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಅಂಕಲ್ ಮುಖ ನೋಡುತ್ತಿದ್ದರು. ಅಂಕಲ್ ಮುಖ ಕೆಂಪಾಗಿತ್ತು.

"ಕನಸಾ? ತಾನಾಗೇ ಆದ ಗೂಡಾ? ನೋಡಿ ಅಚ್ಚ, ನಾನು ಹೇಳಿದ್ದೇ ಇದು. ಕತೆ ಶುರು ಆಗಿದೆ! ಇನ್ನು ಹತ್ತು ವರ್ಷಕ್ಕೆ ಗೋಪುರ!" ಟೇಪನ್ನು ಟಪ್ ಎಂದು ಮೇಜಿನ ಮೇಲಿಟ್ಟರು. "ಸೋಮವಾರವೇ ಕೆಲಸ ಶುರು. ಗೂಡೂ ಮುಚ್ಚಿಸ್ತೀನಿ."

ಅಲ್ಲಿಗೆ ಮುಗಿಯಿತು. ಸುತ್ತಿ ಹೋಗಿಯಾದರೂ ಹಚ್ಚಬಹುದಾಗಿದ್ದ ದೀಪವನ್ನು ನಾನು ಬಾಯಿ ಹಾಕಿ ಪೂರ್ತಿ ಆರಿಸಿ ಬಂದಿದ್ದೆ. ಮನೆಗೆ ಹೋಗುವ ನೂರು ಹೆಜ್ಜೆ ನಡೆಯಲು ಇಪ್ಪತ್ತು ನಿಮಿಷ ಹಿಡಿಯಿತು.

ಜಗಲಿಯಲ್ಲಿ ಅಜ್ಜಿ "ಏನಂದ್ರು?" ಎಂದಳು. "ನೋಡ್ತಾರಂತೆ" ಎಂದೆ. ಅಷ್ಟರಲ್ಲಿ ಸ್ಕೂಟರಿನ ಸದ್ದು. ಅಚ್ಚನ್ ನಮ್ಮನೆ ಅಂಗಳದಲ್ಲಿ ಇಳಿದರು, ಹಿಂದಿನ ಸೀಟಿನಲ್ಲಿ ಅಂಕಲ್, ಕೈಯಲ್ಲಿ ಟೇಪು. ಅಜ್ಜಿ ಸೆರಗು ಹೊದ್ದು ಎದ್ದು ನಿಂತಳು.

"ಬನ್ನಿ ಅಯ್ನೋರೆ, ಕುಂತ್ಕಳಿ. ಏ, ಚಾಪೆ ಆಕೋ."

ಅಚ್ಚನ್ ಕೂತು ನೇರವಾಗಿ ಕೇಳಿದರು. "ಅಮ್ಮ, ಆ ಗೂಡು ನಿಮಗೆ ಕನಸಲ್ಲಿ ಕಂಡದ್ದಾ?"

"ಯಾವ ಕನಸು?"

ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ಅಚ್ಚನ್ ನನ್ನ ಕತೆಯನ್ನು ಪೂರ್ತಿ ಹೇಳಿದರು, ಬಿಳೀ ಗಡ್ಡ ಸಹಿತ. ಅಜ್ಜಿ ಕೇಳಿ ಮುಗಿಸಿ ನನ್ನ ಕಡೆ ತಿರುಗಿದಳು.

"ಥೂ ಮೂದೇವಿ! ನಿಮ್ ತಾತನ ಬಾಯಲ್ಲಿ ಸುಳ್ಳಾಡಿಸ್ದಾ?" ಮತ್ತೆ ಅಚ್ಚನ್ ಕಡೆಗೆ, "ಕನಸೂ ಇಲ್ಲ ಗಿನಸೂ ಇಲ್ಲ ಅಯ್ನೋರೆ. ಅದು ಒಗೆ ಓಗಕ್ಕೆ ಬಿಟ್ಟ ತೂತು. ನಮ್ ಉಳಕ್ಕೋಸ್ಕರ."

"ಹುಳ?" ಎಂದರು ಅಂಕಲ್.

"ರೇಷ್ಮೆ ಉಳ ಕಣಪ್ಪ."

ಆಮೇಲೆ ಅಜ್ಜಿ ಹೇಳಿದ್ದು ಇದು. ನಮ್ಮ ಬಾಡಿಗೆ ಮನೆಗಳಿರುವ ಜಾಗದಲ್ಲಿ ಆಗ ಹಿಪ್ಪುನೇರಳೆ ತೋಟ, ಅದರ ತುದಿಗೆ ಹುಳು ಸಾಕುವ ಮನೆ. ಕೇರಳದಿಂದ ಕಾರ್ಖಾನೆಗೆ ಬಂದ ನಾಲ್ಕೈದು ಸಂಸಾರಗಳಿಗೆ ಪ್ರಾರ್ಥನೆಗೆ ಜಾಗವಿರಲಿಲ್ಲ. ತಾತ ಹುಳುಮನೆಯ ಪಡಸಾಲೆ ಬಿಟ್ಟುಕೊಟ್ಟಿದ್ದ. ಅವರು ಭಾನುವಾರ ಬಂದು, ಹಾಡಿ, ಗುಡಿಸಿ ಹೋಗುತ್ತಿದ್ದರು. ತೊಂದರೆಯೇ ಇರಲಿಲ್ಲ. ಒಂದು ಭಾನುವಾರ ಮೊದಲ ಸಲ ಪಟ್ಟಣದಿಂದ ಅವರ ಗುರುಗಳು ಬಂದರು, ಗೆಜ್ಜೆಯ ಬಟ್ಟಲು ತಂದರು. ಗುರುಗಳಿಲ್ಲದೆ ಧೂಪವಿಲ್ಲ, ಅಲ್ಲಿಯವರೆಗೆ ಧೂಪ ಹಾಕಿರಲೇ ಇಲ್ಲ. ಒಳಕೋಣೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದರೆ ಇನ್ನೊಂದು ವಾರಕ್ಕೆ ಗೂಡು ಕಟ್ಟುತ್ತವೆ. ರೇಷ್ಮೆಹುಳುವಿಗೆ ಹೊಗೆ ಆಗುವುದಿಲ್ಲ. ಹುಳುಮನೆಗೆ ಬೀಡಿ ಸೇದಿದವನನ್ನೂ ಬಿಡುತ್ತಿರಲಿಲ್ಲ.

"ಮೊದ್ಲು ತಲೆ ಎತ್ಕಂಡ್ವು. ಆಮೇಲೆ ಮೇವು ಮುಟ್ಲಿಲ್ಲ. ಮೂರನೇ ದಿನಕ್ಕೆ ತಟ್ಟೆ ತಟ್ಟೆನೇ ತಿಪ್ಪೆಗೆ." ಅಜ್ಜಿ ಅಂಗೈ ಮಗುಚಿ ತೋರಿಸಿದಳು. "ನಾನು ಬಾಯಿಗ್ ಬಂದಂಗೆ ಬೈದೆ. ಆ ಎಣ್ಮಕ್ಳು ನನ್ ಮುಂದೆ ನಿಂತ್ಕಂಡು ಅತ್ರು. ಅವ್ರಿಗೇನು ಗೊತ್ತು ಪಾಪ, ದೇವ್ರ ಒಗೆ ಜೀವ ತೆಗೀತದೆ ಅಂತ."

ತಾತ ಬೇಲಿ ಪಕ್ಕದ ಮೂಲೆ ಜಾಗ ಬಿಟ್ಟುಕೊಟ್ಟ, ಹುಳುಮನೆಯಿಂದ ನೂರು ಹೆಜ್ಜೆ ಆಚೆಗೆ. ಅಜ್ಜಿಯದು ಒಂದೇ ಷರತ್ತು: ನಿಮ್ಮ ಹೊಗೆ ನಮ್ಮ ಕಡೆ ಬರಬಾರದು. ಆದರೆ ಬಾಗಿಲು ಪಶ್ಚಿಮಕ್ಕೇ ಇಡಬೇಕು ಎಂದು ಅವರ ಶಾಸ್ತ್ರ, ಪಶ್ಚಿಮದಲ್ಲಿ ನಮ್ಮ ಹುಳುಮನೆ. ಎರಡು ದಿನ ಯೋಚನೆ ಮಾಡಿ ಆ ಗುರುಗಳು ಹೇಳಿದರಂತೆ, ಧೂಪ ಹಾಕುವಾಗ ಬಾಗಿಲು ಮುಚ್ಚುತ್ತೇವೆ, ಹೊಗೆ ಹೋಗಲು ಪೂರ್ವದ ಗೋಡೆಯಲ್ಲಿ, ರಸ್ತೆಯ ಕಡೆಗೆ, ಒಂದು ಕಿಂಡಿ ಬಿಡುತ್ತೇವೆ.

"ಮುಂದಿನ ಬೆಳೆ ಚೆನ್ನಾಗಾಯ್ತು. ಅದ್ರಾಚೆ ಬೆಳೇನೂ ಆಯ್ತು. ಒಂದು ವಾರನೂ ತಪ್ಪಿಸ್ನಿಲ್ಲ ಅವ್ರು, ಸೆಕೆಗಾಲ್ದಲ್ಲೂ ಬಾಗ್ಲು ಆಕ್ಕಂಡು ಬೆಂದ್ರು. ಉಳಕ್ಕೆ ಕೊಟ್ಟ ಮಾತು ಉಳಿಸ್ಕಂಡ್ರಲ್ಲ ಅಯ್ನೋರೆ, ಅಂತ ಜಾಗಕ್ಕೆ ಒಂದ್ ದೀಪ ಇಡದು ತಪ್ಪಾ?"

ಆಮೇಲೆ ಕಿಂಡಿಯಲ್ಲಿ ಜೇನು ಕಟ್ಟಿತು, ಒಳಗಡೆಯಿಂದ ಇಟ್ಟಿಗೆ ಇಟ್ಟು ಮುಚ್ಚಿದರು, ಹೊರಗೆ ಗೂಡು ಉಳಿಯಿತು. ಆಮೇಲೆ ಸುತ್ತಲೂ ಕಾರ್ಖಾನೆಗಳೇ ಹೊಗೆ ಬಿಡತೊಡಗಿದವು, ನಾನು ಹುಟ್ಟುವ ಮೊದಲೇ ತಾತ ಹುಳು ಬಿಟ್ಟ. ಆ ಮೊದಲ ಸಂಸಾರಗಳೆಲ್ಲ ಊರಿಗೆ ಹಿಂದಿರುಗಿದವು.

ಅಂಕಲ್ ಟೇಪನ್ನು ಸುಮ್ಮನೆ ಎಳೆದು ಬಿಡುತ್ತಿದ್ದರು. "ಹಾಗಾದ್ರೆ ಬಾಗಿಲು... ನಾನು ಮೂವತ್ತು ವರ್ಷ ಬಾಗಿಲು ಮುಚ್ಚಿದ್ದು..."

"ಉಳಕ್ಕೆ," ಎಂದಳು ಅಜ್ಜಿ. "ನಾನೂ ನೋಡ್ತಿದ್ದೆ, ಇನ್ನೂ ಯಾಕೆ ಮುಚ್ತಾರೆ ಅಂತ."

"ಹೇಳಬಾರದಿತ್ತಾ ಅಮ್ಮ!"

"ಯಾರು ಕೇಳಿದ್ರಿ? ನಿಮ್ ದೇವ್ರ ಶಾಸ್ತ್ರ ಏನಾದ್ರೂ ಇರ್ಬೋದು ಅಂದ್ಕಂಡೆ."

ನನ್ನ ಪಾಲಿಗೆ ಸಿರಿಯಾ ದೇಶ ಒಂದೇ ಉಸಿರಿಗೆ ನಮ್ಮ ಹಿತ್ತಲಿಗೆ ಬಂದು ನಿಂತಿತ್ತು. ಅಂಕಲ್ ದನಿಯಲ್ಲಿ "ಸಾವಿರಾರು ವರ್ಷದ್ದು" ಎಂದು ಹೇಳುವ ಆಸೆ ಗಂಟಲವರೆಗೆ ಬಂತು. ನುಂಗಿಕೊಂಡೆ. ಜೀವನದಲ್ಲಿ ನಾನು ನುಂಗಿಕೊಂಡ ಮಿಮಿಕ್ರಿ ಅದೊಂದೇ.

ಫೋರ್‌ಮನ್ ಆಗಿದ್ದವರು ಬರೀ ಬಾಯಿಮಾತಿಗೆ ಒಪ್ಪುತ್ತಾರೆಯೇ. ನೋಡಿಬಿಡೋಣ ಎಂದರು. ಎಲ್ಲರೂ ಎದ್ದೆವು. ಅಜ್ಜಿ ಹೊರಗೆ ಗೂಡಿನ ಮುಂದೆ ನಿಂತು, ಎಣ್ಣೆ ಶೀಶೆಯ ತಳದಿಂದ ಗೂಡಿನ ಹಿಂಬದಿಗೆ ಟಕ್ ಟಕ್ ಎಂದು ತಟ್ಟಿದಳು. ನಾನು ಸುತ್ತಿಕೊಂಡು ಒಳಗೆ ಓಡಿದೆ. ಬಲಿಪೀಠದ ಜಾಗಕ್ಕೆ ಹೋಗುವುದು ಅಚ್ಚನ್ ಮಾತ್ರ. ಅವರು ಒಂದು ಸ್ಟೂಲು, ಒಂದು ಉಳಿ ತೆಗೆದುಕೊಂಡು ತೆರೆಯ ಆಚೆ ಹೋದರು. ಅಂಕಲ್ ಆ ತೆರೆ ದಾಟುವಂತಿಲ್ಲ. ಬಾಯಿ ಮಾತ್ರ ದಾಟಿತು. "ಸ್ವಲ್ಪ ಎಡಕ್ಕೆ ಅಚ್ಚ. ಇನ್ನೂ ಮೇಲೆ. ಕೆರೀರಿ, ಜೋರಾಗಿ ಕೆರೀರಿ, ಸುಣ್ಣ ಐದಾರು ಪದರ ಇರ್ತದೆ."

ಅಜ್ಜಿ ಆ ಕಡೆಯಿಂದ ಟಕ್ ಟಕ್. ಅಚ್ಚನ್ ಈ ಕಡೆಯಿಂದ ಉಳಿಯ ಹಿಡಿಯಲ್ಲಿ ಟಕ್ ಟಕ್. ದನಿ ಒಂದು ಜಾಗದಲ್ಲಿ ಪೊಳ್ಳಾಯಿತು. ಸುಣ್ಣ ಉದುರಿತು. ಒಳಗಿಂದ ಕಂಡದ್ದು ಒಂದು ಮರದ ಚೌಕಟ್ಟು, ಅದಕ್ಕೆ ತುಕ್ಕು ಹಿಡಿದ ಎರಡು ಪುಟ್ಟ ಕೀಲು. ಯಾವಾಗಲೋ ಅಲ್ಲೊಂದು ತೆರೆದು ಮುಚ್ಚುವ ಬಾಗಿಲಿತ್ತು. ಚೌಕಟ್ಟಿನ ಮೇಲೆ, ಸುಣ್ಣದ ಪದರಗಳ ಕೆಳಗೆ, ಒಳಗೋಡೆಯ ಮೇಲೆ ಮೇಲಕ್ಕೆ ಚಾಚಿದ ಹೊಗೆಯ ಕಪ್ಪು. ಹೊರಗಿನ ಹಣತೆಯ ಕಪ್ಪು ಇಲ್ಲಿಗೆ ಬರುವುದು ಸಾಧ್ಯವಿರಲಿಲ್ಲ.

"ಧೂಪದ ವಾಸನೆ ಬರ್ತಾ ಇದೆ," ಎಂದೆ ನಾನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಳ್ಳುಗಾರ ಎಂದು ಒಮ್ಮೆ ಹೆಸರು ಬಿದ್ದರೆ ಆಮೇಲೆ ಮೂಗನ್ನೂ ನಂಬುವುದಿಲ್ಲ.

ಅಂಕಲ್ ಹೊರಗೆ ಹೋದರು. ಬಿಳಿ ಗೆರೆಯ ಉದ್ದಕ್ಕೂ ನಡೆದರು. ಚರ್ಚಿನ ಒಂದು ಮೂಲೆಯಿಂದ ಗೆರೆಗೆ ಟೇಪು ಹಿಡಿದರು, ಇನ್ನೊಂದು ಮೂಲೆಯಿಂದ ಹಿಡಿದರು, ತಲೆ ಕೆರೆದುಕೊಂಡರು. ಆಮೇಲೆ ಬೂಟಿನ ತುದಿಯಿಂದ, ಗೂಡಿನ ಮುಂದೆ ಹಾದುಹೋಗಿದ್ದ ಗೆರೆಯನ್ನು ಅಳಿಸತೊಡಗಿದರು.

"ಗೋಡೆ ಮುಂದೆ ಇನ್ನೊಂದು ಗೋಡೆ ಯಾಕೆ? ಎರಡೂ ಕಡೆಯಿಂದ ಕಾಂಪೌಂಡ್ ತಂದು ಚರ್ಚಿನ ಮೂಲೆಗೆ ಸೇರಿಸಿದ್ರಾಯ್ತು. ಬುಡಕ್ಕೆ ಸಿಮೆಂಟ್ ಕೊಟ್ರೆ ನೀರೂ ಒಳಗೆ ಬರಲ್ಲ." ಅಜ್ಜಿಯ ಕಡೆ ತಿರುಗದೆಯೇ ಹೇಳಿದರು, "ಹುಳುವಿನ ಕಿಂಡಿ. ಅಷ್ಟೇ. ಕನಸು ಅಂತ ಯಾರಾದ್ರೂ ಅಂದ್ರೆ ನಾನು ಬಿಡಲ್ಲ."

"ಅಂದೋನ್ನ ನಾನೇ ಬಿಡಲ್ಲ," ಎಂದಳು ಅಜ್ಜಿ, ನನ್ನ ಕಿವಿ ಹಿಡಿದುಕೊಂಡು.

ಕನಸಿಗೆ ಗೋಪುರ ಬರುತ್ತದೆ ಎಂದು ಹೆದರಿದ ಮನುಷ್ಯ ಹೊಗೆಯ ತೂತಿಗೆ ಹೆದರಲಿಲ್ಲ. ನಾನು ಕಟ್ಟಿದ ಕತೆಗಿಂತ ನಿಜ ಎಷ್ಟು ಕುಳ್ಳಗಿತ್ತೆಂದರೆ, ಅದು ಗೋಡೆಯ ಸಂದಿಯಲ್ಲಿ ಸಲೀಸಾಗಿ ತೂರಿತು.

ಒಂದು ಮಾತು ಬಾಕಿ ಇತ್ತು. ಮುಂದಿನ ಶನಿವಾರ ಅಚ್ಚನ್ ಮತ್ತೆ ನಮ್ಮ ಅಂಗಳಕ್ಕೆ ಬಂದರು. ಈ ಸಲ ಕೂರಲಿಲ್ಲ. "ಅಮ್ಮ, ಧೂಪ ಹಾಕುವಾಗ ಇನ್ನು ಮೇಲೆ ಬಾಗಿಲು ತೆರೆದಿಡಬಹುದಾ? ಮಾತು ಕೊಟ್ಟದ್ದು ನಿಮಗೆ. ನೀವು ಬಿಡಿಸಬೇಕು."

ಅಜ್ಜಿ ನಮ್ಮ ಬಾಡಿಗೆ ಮನೆಗಳ ಕಡೆ ನೋಡಿದಳು. ಹುಳುಮನೆ ಇದ್ದ ಜಾಗದಲ್ಲಿ ಶ್ಯಾಂಪೂ ಕಂಪನಿಯ ನಾಲ್ಕು ಜನ ಒಗೆದ ಬಟ್ಟೆ ಹರವುತ್ತಿದ್ದರು.

"ಉಳ ಎಲ್ಲವೆ ಈಗ. ತೆಗೀರಿ. ಕೆಮ್ಮಿ ಕೆಮ್ಮಿ ಸಾಯ್ತಿದ್ರಿ."

ಭಾನುವಾರ ನಾನು ಕೊನೆಯ ಸಾಲಿನಲ್ಲಿದ್ದೆ. ಗೆಜ್ಜೆ ಝಲ್ ಎಂದಿತು. ಅಂಕಲ್ ತಟ್ಟನೆ ಎದ್ದರು, ಬಾಗಿಲವರೆಗೆ ಹೋದರು, ಚಿಲಕಕ್ಕೆ ಕೈ ಹಾಕಿದರು, ನೆನಪಾಗಿ ಹಾಗೇ ನಿಂತರು. ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಬಾಗಿಲನ್ನೇ ಹಿಡಿದುಕೊಂಡು ನಿಂತಿದ್ದರು. ಹೊಗೆ ಅವರನ್ನು ದಾಟಿ ಅಂಗಳಕ್ಕಿಳಿಯಿತು. ಜಗಲಿಯಲ್ಲಿ ಅಜ್ಜಿ ಮೂಗು ಮೇಲೆತ್ತಿ ಉಸಿರೆಳೆದುಕೊಂಡಳಂತೆ. ನಮ್ಮಮ್ಮ ನೋಡಿ ಹೇಳಿದಳು. "ಇಷ್ಟೇನಾ? ಒಳ್ಳೇ ವಾಸ್ನೆನೇ" ಎಂದಳಂತೆ.

ಕಾಂಪೌಂಡು ಮುಗಿದ ಮೇಲಿನ ಶುಕ್ರವಾರ ಅಜ್ಜಿಯ ಜೊತೆ ನಾನೂ ಹೋದೆ, ಎಣ್ಣೆ ಶೀಶೆ ಹಿಡಿದು. ಗೋಡೆ ಎರಡೂ ಕಡೆಯಿಂದ ಬಂದು ಚರ್ಚಿನ ಮೂಲೆಗಳಿಗೆ ಅಂಟಿಕೊಂಡಿತ್ತು, ಮಧ್ಯದಲ್ಲಿ ಹಳೇ ಸುಣ್ಣದ ಬೆನ್ನು ಹಾಗೇ ರಸ್ತೆಗೆ. ಅಜ್ಜಿ ದೀಪ ಹಚ್ಚಿದಳು, ಸೆರಗಿನಿಂದ ಗಾಳಿ ತಡೆದಳು. ಫ್ಯಾಕ್ಟರಿ ಬಸ್ಸು ತಿರುಗಿತು, ಡ್ರೈವರಣ್ಣ ಎದೆ ಮುಟ್ಟಿಕೊಂಡ.

ಎಲ್ಲರ ದನಿ ಮಾಡುವ ನಾನು ಈ ಕತೆಯ ಮುಖ್ಯ ಪಾತ್ರವನ್ನು ಒಮ್ಮೆಯೂ ಕೇಳಿರಲಿಲ್ಲ. "ಹುಳ ಮೇವು ತಿನ್ನುವಾಗ ಹೆಂಗೆ ಸದ್ದು ಬರ್ತಿತ್ತಜ್ಜಿ? ಹಿಂಗಾ?" ಎಂದು ನಾಲಿಗೆ ಅಂಗುಳಕ್ಕೆ ಒತ್ತಿ ಚರಚರ ಮಾಡಿದೆ.

ಅಜ್ಜಿ ತಲೆ ಓರೆ ಮಾಡಿ ಕೇಳಿದಳು.

"ಅದು ಎರಡ್ನೇ ಜ್ವರದ್ದು. ನಾಲ್ಕನೇದ್ ಆದ್ಮೇಲೆ ಇನ್ನೂ ದಪ್ಪ ಬತ್ತದೆ. ತಗ್ಸು ದನಿಯ. ಆಂ, ಅಂಗೆ. ನಿಲ್ಲಿಸ್ಬ್ಯಾಡ, ತಿಂತಾನೇ ಇರು."